ಅಳಿವೆಯ ಏಡಿ ಒಂದೇ ಕೈ ಬೀಸುವುದೇಕೆ

ಭೂಮಿ ಇನ್ನೂ ಸರಿಯಾಗಿ ಒಣಗಿರದ ಕಾಲ ಅದು. ಗುಡ್ಡಗಳನ್ನು ಆಗಷ್ಟೇ ತಂದು ಇಟ್ಟಿದ್ದರು. ಕೆಲವು ಇನ್ನೂ ಅತ್ತಿತ್ತ ಸರಿದಾಡಿ ತಮ್ಮ ಜಾಗ ನೋಡಿಕೊಳ್ಳುತ್ತಿದ್ದವು. ಹೊಳೆಗೆ ಕಡಲಿನ ದಾರಿ ಸಿಕ್ಕಿ ಬಹಳ ದಿನವಾಗಿರಲಿಲ್ಲ. ಗಾಳಿಗಂತೂ ತನ್ನ ತೋಳಿನ ಬಲ ಎಷ್ಟೆಂದು ತನಗೇ ಗೊತ್ತಿರಲಿಲ್ಲ.

ಆಗ ಏಡಿಗೂ ಗಾಳಿಗೂ ಮನುಷ್ಯರಿಗೂ ಮಾತು ಒಂದೇ. ಯಾರು ಯಾರನ್ನು ಬೇಕಾದರೂ ಕರೆದು ಮಾತಾಡಿಸಬಹುದಿತ್ತು. ಬೈಯಲೂಬಹುದಿತ್ತು.

ಹೊಳೆ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ ಒಂದು ಕೆಸರಿನ ಬಯಲು. ಅದರ ತುಂಬ ಹೆಬ್ಬೆರಳಿನ ಉಗುರಿನಷ್ಟೇ ಇರುವ ಪುಟ್ಟ ಏಡಿಗಳ ಬಿಲ. ಆಗ ಈ ಏಡಿಗಳಿಗೆ ಎರಡು ಕೈಯೂ ಒಂದೇ ಸಮ, ಅಕ್ಕಿಕಾಳಿನಷ್ಟು. ನೀರು ಇಳಿದರೆ ಹೊರಗೆ ಬಂದು ಎರಡೂ ಕೈಯಿಂದ ಕೆಸರು ಮುಕ್ಕುವುದು. ಬಲಗೈ, ಎಡಗೈ, ಬಲಗೈ, ಎಡಗೈ. ನೀರು ಏರಿದರೆ ಬಿಲದ ಬಾಯಿಗೆ ಕೆಸರು ಮೆತ್ತಿ ಒಳಗೆ ಬೆಚ್ಚಗೆ ಕೂರುವುದು. ಇಷ್ಟೇ ಅವುಗಳ ಬದುಕು.

ಕೆಂಬ ಎಂಬ ಏಡಿಗೆ ಮಾತ್ರ ಈ ಬದುಕು ಒಗ್ಗಲಿಲ್ಲ. ಅವನಿಗೆ ಕಾಲು ನಿಲ್ಲುತ್ತಿರಲಿಲ್ಲ. ಎಲ್ಲರೂ ಬಾಗಿಲು ಮೆತ್ತಿಕೊಳ್ಳುವ ಹೊತ್ತಿಗೆ ಅವನು ಹೊರಗೆ ಹೊರಡುತ್ತಿದ್ದ. ಹೊಳೆಯ ತಳದಲ್ಲಿ ಅಡ್ಡಡ್ಡ ನಡೆಯುತ್ತ ಅಳಿವೆಯ ಬಾಯಿವರೆಗೂ ಹೋಗುತ್ತಿದ್ದ. ಎಲ್ಲಿ ಮರಳಿನ ದಿಬ್ಬ, ಎಲ್ಲಿ ಆಳ, ಯಾವ ಬಂಡೆಯ ಮರೆಯಲ್ಲಿ ಮೀನು ಮಲಗುತ್ತವೆ, ಎಲ್ಲ ಅವನ ಕಾಲಿಗೆ ಗೊತ್ತು. ಹೆಂಡತಿ ಹುಬ್ಬಿ ಬಿಲದ ಬಾಯಲ್ಲಿ ಕೂತು ಬೈದೇ ಬೈಯುತ್ತಿದ್ದಳು. ನಿನ್ನನ್ನು ಕಟ್ಟಿಕೊಳ್ಳುವ ಬದಲು ಹೊಳೆಯ ತಳವನ್ನೇ ಕಟ್ಟಿಕೊಳ್ಳಬಹುದಿತ್ತು, ಅದಾದರೂ ಇದ್ದಲ್ಲಿ ಇರುತ್ತದೆ ಎನ್ನುತ್ತಿದ್ದಳು.

ಆ ವರ್ಷ ಚೈತ್ರ ಬಂತು. ಮಾವು ಚಿಗುರಿದ್ದೇ ತಡ, ಪಡುವಲ ಕಡಲಿನಿಂದ ಗಾಳಿ ಎದ್ದಿತು. ಬೀಸಿತು, ಬೀಸಿತು, ಬೀಸುತ್ತಲೇ ಇತ್ತು. ಹೊಳೆ ಕಡಲಿಗೆ ಇಳಿಯಲು ಹೋದರೆ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿತು. ಇಬ್ಬರ ಜಗಳದಲ್ಲಿ ಅಳಿವೆಯ ನಡುವೆ ನೀರು ಗೋಡೆಯಂತೆ ಎದ್ದು ನಿಂತಿತು.

ದಂಡೆಯ ಕೇರಿಯಲ್ಲಿ ದೋಣಿಯವರಿದ್ದರು. ಅವರಿಗೆ ಹಿರಿಯನೆಂದರೆ ಗೋಯ್ದ. ಗೋಯ್ದ ಗೋಡೆಯಂತೆ ಎದ್ದ ನೀರನ್ನು ಬಿಟ್ಟು ಪಕ್ಕದ ತಣ್ಣನೆಯ, ಸುಕ್ಕಿಲ್ಲದ ನೀರಿನಲ್ಲಿ ದೋಣಿ ಬಿಟ್ಟ. ಉಳಿದವರೂ ಹಿಂದೆ ಬಿಟ್ಟರು. ಸ್ವಲ್ಪ ದೂರ ಹೋಗುವುದರೊಳಗೆ ದೋಣಿಗಳೆಲ್ಲ ಗರಕ್ಕೆಂದು ಮರಳಿಗೆ ಕೂತವು. ನೀರು ಮತ್ತೆ ಏರುವವರೆಗೆ ಮೊಳಕಾಲು ನೀರಿನಲ್ಲಿ ನಿಂತು ಬರಿಗೈಲಿ ವಾಪಸು ಬಂದರು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಕೇರಿಯಲ್ಲಿ ಮೀನಿನ ವಾಸನೆಯೇ ಇಲ್ಲವಾಯಿತು. ಬೆಕ್ಕುಗಳು ಮನುಷ್ಯರನ್ನು ನೋಡಿ ಮುಖ ತಿರುಗಿಸಿಕೊಂಡವು.

ಒಂದು ಬೆಳಿಗ್ಗೆ ಕೆಂಬ ದಂಡೆಯಲ್ಲಿ ಅಲೆಯುತ್ತಿದ್ದಾಗ ಗೋಯ್ದನ ಮಾತು ಕಿವಿಗೆ ಬಿತ್ತು. ಇವತ್ತೂ ಮೀನು ಸಿಗದಿದ್ದರೆ ನಾಳೆ ನೀರು ಇಳಿದಾಗ ಕೆಸರಿನ ಬಯಲನ್ನೇ ಅಗೆಯುವ ಎಂದು ಅವನು ಹೇಳುತ್ತಿದ್ದ. ಅವನ ಹೆಂಡತಿ ತುಳಸಕ್ಕ, ಏಡಿ ಸಣ್ಣದಾದರೇನಾಯಿತು, ಬುಟ್ಟಿಗಟ್ಟಲೆ ತಂದರೆ ಒರಳಲ್ಲಿ ಜಜ್ಜಿ ಹಿಂಡಿ ಸಾರು ಮಾಡಬಹುದು ಎನ್ನುತ್ತಿದ್ದಳು. ಒರಳನ್ನು ಆಗಲೇ ತೊಳೆದು ಬಿಸಿಲಿಗಿಟ್ಟಿದ್ದಳು.

ಕೆಂಬ ತಮ್ಮ ಬಯಲಿನ ಕಡೆ ತಿರುಗಿ ನೋಡಿದ. ಬಿಲದಲ್ಲಿ ಹುಬ್ಬಿ ಇದ್ದಳು. ಅಕ್ಕಪಕ್ಕದ ಬಿಲಗಳಲ್ಲಿ ಬಂಧುಬಳಗವೆಲ್ಲ ಇತ್ತು. ಓಡಿ ಹೋಗಿ ಹೇಳಿದರೂ ಕೆಸರು ಬಿಟ್ಟು ಅವರು ಹೋಗುವುದಾದರೂ ಎಲ್ಲಿಗೆ?

ಅವನು ನೇರ ಹೋಗಿ ಗೋಯ್ದನ ದೋಣಿಯ ಮೂತಿ ಹತ್ತಿ ನಿಂತ.

"ಗೋಯ್ದಣ್ಣಾ, ಕೆಸರು ಅಗೀಬೇಡ. ಮೀನಿರೋ ಕಡೆ ನಾನು ಕರ್ಕೊಂಡು ಹೋಗ್ತೇನೆ."

ಗೋಯ್ದ ಬಗ್ಗಿ ನೋಡಿದ. "ನೀನಾ? ನನ್ನ ಉಗುರಿನಷ್ಟಿಲ್ಲ ನೀನು. ನನಗೆ ದಾರಿ ತೋರಿಸ್ತೀಯಾ ಮಾರಾಯಾ?"

"ನೀನು ನೀರನ್ನ ಮೇಲಿಂದ ನೋಡಿದವ. ನಾನು ಕೆಳಗಿಂದ ನಡೆದವ. ನೀರಿನ ಒಂದು ಇಳಿತದ ಹೊತ್ತು ಕೊಡು. ಮೀನು ಸಿಕ್ಕರೆ ನಮ್ಮ ಬಯಲಿಗೆ ನಿಮ್ಮ ಬುಟ್ಟಿ ಎಂದಿಗೂ ಬರಬಾರದು."

"ಸಿಗದಿದ್ದರೆ?"

ತುಳಸಕ್ಕ ಬಲೆ ಹೆಗಲಿಗೆ ಹಾಕಿಕೊಳ್ಳುತ್ತ ಒರಳಿನ ಕಡೆ ಕೈ ತೋರಿಸಿದಳು. "ಸಿಗದಿದ್ದರೆ ಮೊದಲು ಇವನೇ ಅದರೊಳಗೆ. ನಡೀರಿ, ನೀರು ತಿರುಗ್ತಾ ಉಂಟು."

ನೀರು ಇಳಿಯತೊಡಗಿದಾಗ ದೋಣಿ ಬಿಟ್ಟರು. ಗೋಯ್ದ ಹಿಂದೆ ಹುಟ್ಟು ಹಿಡಿದು ಕೂತ. ತುಳಸಕ್ಕ ನಡುವೆ ಬಲೆ ಇಟ್ಟುಕೊಂಡು ಕೂತಳು. ಕೆಂಬ ಮೂತಿಯಲ್ಲಿ. ಉಳಿದ ದೋಣಿಗಳು ನಗುತ್ತ ಎಂದಿನ ತಣ್ಣನೆಯ ನೀರಿನ ಕಡೆ ಹೋದವು. ಕೆಂಬ ಕೈ ಎತ್ತಿ ಅಳಿವೆಯ ನಡುವೆ ಕುದಿಯುವ ನೀರನ್ನು ತೋರಿಸಿದ.

ಅದು ಉಕ್ಕುವ ಗಂಜಿಯ ಹಾಗೆ ಕಾಣುತ್ತಿದೆ, ಅಲ್ಲಿ ಹೋದರೆ ಮುಳುಗುತ್ತೇವೆ ಎಂದ ಗೋಯ್ದ. ಕೆಂಬ ತಿಳಿಸಿ ಹೇಳಿದ. ಹೊಳೆ ಕಡಲಿಗೆ ಓಡುವುದು ಆಳವಿದ್ದಲ್ಲಿ. ಅಲ್ಲೇ ಗಾಳಿ ಹೊಳೆಯನ್ನು ತಡೆಯುವುದು, ಅಲ್ಲೇ ಜಗಳ, ಅಲ್ಲೇ ಅಲೆ. ದಿಬ್ಬದ ಮೇಲೆ ಇರುವುದೇ ಮೊಳಕಾಲು ನೀರು. ಅದಕ್ಕೆ ಓಟವೂ ಇಲ್ಲ, ಜಗಳವೂ ಇಲ್ಲ, ಅದಕ್ಕೇ ಸುಕ್ಕಿಲ್ಲದೆ ಮಲಗಿರುತ್ತದೆ. ಚೈತ್ರದ ಗಾಳಿ ಇರುವಷ್ಟು ದಿನ ನೀರು ಎದ್ದಲ್ಲೇ ದಾರಿ.

ಗೋಯ್ದ ಹೆಂಡತಿಯ ಮುಖ ನೋಡಿದ. ತುಳಸಕ್ಕ ಸೆರಗು ಬಿಗಿದಳು. ದೋಣಿ ಕುದಿಯುವ ನೀರಿಗೆ ನುಗ್ಗಿತು.

ಅಲೆ ಎತ್ತಿತು, ಇಳಿಸಿತು, ಎತ್ತಿತು, ಇಳಿಸಿತು. ನೊರೆ ಹಾರಿ ಗೋಯ್ದನ ಕಣ್ಣು ತುಂಬಿತು. ಕೆಂಬ ಎಡಕ್ಕೆ ಕೈ ತೋರಿಸಿದ. ಗೋಯ್ದನಿಗೆ ಕಾಣಲಿಲ್ಲ. ಕೆಂಬ ಕೂಗಿ ಹೇಳಿದ. ಗಾಳಿ ಆ ಕೂಗನ್ನು ಬಾಯಿಂದಲೇ ಕಿತ್ತುಕೊಂಡು ಹೋಯಿತು. ದೋಣಿಯ ಅಡಿ ದಿಬ್ಬದ ಅಂಚಿಗೆ ಗರಕ್ಕೆಂದು ತಾಗಿತು. ನೀರು ಇಳಿಯುತ್ತಲೇ ಇತ್ತು. ಇನ್ನೊಂದು ಸಲ ತಾಗಿದರೆ ದೋಣಿ ಅಲ್ಲೇ ಕೂತು, ಅಡ್ಡ ಬಂದ ಅಲೆಗೆ ಮಗುಚುತ್ತಿತ್ತು.

ಗಾಳಿ ಕೆಂಬನ ಬೆನ್ನಿನ ಮೇಲೆ ಬಗ್ಗಿ ನಕ್ಕಿತು. ಅಕ್ಕಿಕಾಳು ಎತ್ತಿ ಹಿಡಿದು ದೋಣಿ ನಡೆಸಲು ಬಂದೆಯಾ ಎಂದು ಕೇಳಿತು.

ಕೆಂಬ ನೀರಿಗೆ ಬಾಯಿ ತಾಗಿಸಿ ಹೊಳೆಯನ್ನು ಕರೆದ. "ಹೊಳೆಯಮ್ಮಾ, ನಿನ್ನ ತಳದಲ್ಲಿ ನಡೆದು ಬೆಳೆದವ ನಾನು. ನನ್ನ ಕೈ ಅವನಿಗೆ ಕಾಣೋ ಹಾಗೆ ಮಾಡು."

ಗಾಳಿಯೊಡನೆ ಜಗಳವಾಡಿ ಹೊಳೆ ದಣಿದಿದ್ದಳು. "ಮಗಾ, ನನ್ನಲ್ಲಿ ಉಳಿದಿರೋದು ಒಂದು ಕೈಗಾಗುವಷ್ಟು ಶಕ್ತಿ. ಕೊಡ್ತೇನೆ. ಆದರೆ ಆ ಕೈ ಮತ್ತೆ ನಿನ್ನ ಬಾಯಿಗೆ ಹಿಡಿಸೋದಿಲ್ಲ. ಇದ್ದಷ್ಟು ದಿನ ಒಂದೇ ಕೈಲಿ ಉಣ್ಣಬೇಕು."

ಕೆಂಬನಿಗೆ ಊಟವೆಂದರೆ ಪ್ರಾಣ. ಬಲಗೈ, ಎಡಗೈ, ಆ ತಾಳವೇ ಒಂದು ಸುಖ. ಎರಡೂ ಕೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಬಲಗೈಯನ್ನು ನೀರಿನಲ್ಲಿ ಅದ್ದಿದ.

ಕೈ ಬೆಳೆಯಿತು. ಅಕ್ಕಿಕಾಳು ಹುಣಸೆಬೀಜವಾಯಿತು. ಹುಣಸೆಬೀಜ ಅವನ ಮೈಯನ್ನೇ ಮೀರಿಸಿತು. ಬೆಳೆದ ಕೈ ದಾಸವಾಳದಂತೆ ಕೆಂಪಗೆ ಮಿಂಚಿತು. ಭಾರಕ್ಕೆ ಕೆಂಬ ಒಂದು ಕಡೆ ವಾಲಿದ, ಸಾವರಿಸಿಕೊಂಡ, ಕಾಲೂರಿ ಆ ಕೈಯನ್ನು ಆಕಾಶಕ್ಕೆ ಎತ್ತಿದ.

"ಕಂಡಿತು," ಎಂದ ಗೋಯ್ದ.

ಕೈ ಎಡಕ್ಕೆ ವಾಲಿತು, ದೋಣಿ ಎಡಕ್ಕೆ ಹೋಯಿತು. ಕೈ ಬಲಕ್ಕೆ ವಾಲಿತು, ದೋಣಿ ಬಲಕ್ಕೆ ಹೋಯಿತು. ಕೈ ಮೇಲೆದ್ದು ಮುಂದಕ್ಕೆ ಬೀಸಿತು, ಗೋಯ್ದ ಮೈಯೆಲ್ಲ ಹಾಕಿ ಹುಟ್ಟು ಎಳೆದ. ಗಾಳಿ ಆ ಕೈಯನ್ನು ಬಾಗಿಸಲು ಎಡದಿಂದ ಬಂತು, ಬಲದಿಂದ ಬಂತು, ತಲೆಯ ಮೇಲಿಂದಲೂ ಬಂತು. ಬಾಗಿಸಲಾಗಲಿಲ್ಲ. ಅಲೆಯ ಗೋಡೆಗಳು ಒಂದೊಂದಾಗಿ ಹಿಂದೆ ಬಿದ್ದವು.

ಆಚೆ ದೊಡ್ಡ ಬಂಡೆ. ಅದರ ಮರೆಯಲ್ಲಿ ಹಸಿರು ಮಡು. ಗಾಳಿಗೆ ಹೆದರಿ ಬಂದ ಮೀನೆಲ್ಲ ಅಲ್ಲೇ ತಲೆಗೆ ತಲೆ ಕೊಟ್ಟು ಮಲಗಿದ್ದವು. ತುಳಸಕ್ಕ ಎದ್ದು ನಿಂತು ಬಲೆ ಬೀಸಿದಳು. ಬಲೆ ಹುಣ್ಣಿಮೆಯಂತೆ ದುಂಡಗೆ ಬಿಚ್ಚಿ ಬಿತ್ತು. ಎಳೆದರೆ ಬರಲಿಲ್ಲ. ಇಬ್ಬರೂ ಸೇರಿ ಎಳೆದರು. ಕಾಣೆ ಮೀನು, ಸೀಗಡಿ, ಮತ್ತೆ ಕಾಣೆ, ಮತ್ತೆ ಸೀಗಡಿ. ದೋಣಿ ತುಂಬಿ ಅಂಚು ನೀರಿಗೆ ತಾಗುವಂತಾದಾಗ ಸಾಕೆಂದವನು ಕೆಂಬನೇ.

ಅಷ್ಟರಲ್ಲಿ ನೀರು ತಿರುಗಿ ಏರತೊಡಗಿತು. ಈಗ ಗಾಳಿಯೂ ದಂಡೆಯ ಕಡೆಗೆ, ನೀರೂ ದಂಡೆಯ ಕಡೆಗೆ. ಜಗಳ ಮುಗಿದು ಇಬ್ಬರೂ ಸೇರಿ ದೋಣಿಯನ್ನು ಮನೆಗೆ ತಳ್ಳಿದರು. ಮರಳಿಗೆ ಕೂತಿದ್ದ ದೋಣಿಯವರು ಮೊಳಕಾಲು ನೀರಿನಲ್ಲಿ ನಿಂತು ನೋಡಿದರು. ಮೀನು ತುಂಬಿದ ದೋಣಿ, ಅದರ ಮೂತಿಯಲ್ಲಿ ಒಂದು ಕೆಂಪು ಕೈ. ಬೆಳಿಗ್ಗೆ ನಕ್ಕವರೆಲ್ಲ ಹೋ ಎಂದು ಕೂಗು ಹಾಕಿದರು. ಮರುದಿನದ ಇಳಿತಕ್ಕೆ ಅವರೆಲ್ಲ ಸಾಲಾಗಿ ಆ ಕೈಯ ಹಿಂದೆಯೇ ಹೋದರು, ತುಂಬಿಕೊಂಡು ಬಂದರು.

ಆ ಮೊದಲ ದಿನ ದಂಡೆ ಹತ್ತಿರವಾಗುವಾಗ ನೀರು ಇನ್ನೂ ಬಯಲಿಗೆ ಏರಿರಲಿಲ್ಲ. ಏಡಿಗಳೆಲ್ಲ ಬಿಲದ ಬಾಯಲ್ಲಿ ಕಣ್ಣು ನೆಟ್ಟು ಕೂತಿದ್ದವು. ಕೆಂಬ ಹುಬ್ಬಿಯನ್ನು ಹುಡುಕಿ, ಕೈಯನ್ನು ತಲೆಯ ಮೇಲಕ್ಕೆತ್ತಿ ಬೀಸಿದ. ಗೆದ್ದು ಬಂದೆ ಎಂದು ಬೀಸಿದ. ನೀನೂ ಉಳಿದೆ, ನಾನೂ ಉಳಿದೆ ಎಂದು ಮತ್ತೆ ಮತ್ತೆ ಬೀಸಿದ.

ಗೋಯ್ದ ಕೇರಿಯವರನ್ನೆಲ್ಲ ಕರೆದು, ಈ ಬಯಲಿನ ಪುಟ್ಟ ಏಡಿಗಳ ಮೇಲೆ ಯಾರೂ ಬುಟ್ಟಿ ಎತ್ತಬಾರದು ಎಂದು ಸಾರಿದ. ತುಳಸಕ್ಕ ಒರಳಿನಲ್ಲಿ ಮೀನಿಗೆ ಮಸಾಲೆ ಅರೆದಳು. ಬೆಕ್ಕುಗಳು ಮನುಷ್ಯರ ಕಾಲಿಗೆ ಮೈ ತಿಕ್ಕಿದವು.

ಹುಬ್ಬಿ ಮಾತ್ರ ಗಂಡನ ಕೈಯ ಸುತ್ತ ಒಂದು ಸುತ್ತು ಬಂದಳು. "ಚೆಂದ ಉಂಟು. ಇದರಲ್ಲಿ ಉಣ್ಣೋದು ಹೇಗೆ?"

"ಒಂದು ಕೈ ಸಾಕು."

"ಸಾಕಾದರೆ ಸಾಕು. ನೀನು ಒಂದು ತುತ್ತು ಉಣ್ಣೋದರೊಳಗೆ ನಾನು ಎರಡು ಉಣ್ತೇನೆ, ಆಮೇಲೆ ಮುಖ ಊದಿಸ್ಕೊಳ್ಳಬೇಡ," ಎಂದು ಪಕ್ಕದಲ್ಲಿ ಕೂತು ಉಣ್ಣತೊಡಗಿದಳು. ಕೆಂಬ ಒಂದು ತುತ್ತು ಬಾಯಿಗಿಟ್ಟ, ಒಂದು ಸಲ ಕೈ ಬೀಸಿದ. ಇನ್ನೊಂದು ತುತ್ತು, ಇನ್ನೊಂದು ಸಲ ಬೀಸಿದ.

ಅವರ ಗಂಡುಮಕ್ಕಳಿಗೆ ಅಪ್ಪನ ಕೈ ಬಂತು, ಹೆಣ್ಣುಮಕ್ಕಳಿಗೆ ಅಮ್ಮನ ಕೈ ಬಂತು. ಅದಕ್ಕೇ ಮಗಾ, ಇವತ್ತಿಗೂ ನೀರು ಇಳಿದ ಹೊತ್ತಲ್ಲಿ ಅಳಿವೆಯ ದಂಡೆಗೆ ಹೋಗಿ ನೀನು ಸದ್ದಿಲ್ಲದೆ ನಿಂತರೆ, ಹೆಣ್ಣೇಡಿಗಳು ಎರಡೂ ಕೈಯಿಂದ ಚಕಚಕ ಉಣ್ಣುತ್ತಿರುತ್ತವೆ, ಗಂಡೇಡಿಗಳು ಪುಟ್ಟ ಕೈಯಲ್ಲಿ ಒಂದೊಂದು ತುತ್ತು ಉಂಡು, ಆ ದೊಡ್ಡ ಕೈಯನ್ನು ಆಕಾಶಕ್ಕೆತ್ತಿ, ಗೆದ್ದು ಬಂದೆವು, ಗೆದ್ದು ಬಂದೆವು ಎಂದು ಬಯಲಿಗೆ ಬಯಲೇ ಬೀಸುತ್ತಿರುತ್ತವೆ.