ಮೋಟ್ರು ಕಾದ ಬೋರಲಿಂಗ

ಕರಿಯಮ್ಮ ಅಂತ ಒಬ್ಬಳಿದ್ದಳು, ಅವಳಿಗೊಬ್ಬನೇ ಮಗ ಬೋರಲಿಂಗ. ಅವ್ವ ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡೋನು. ಅದೇ ಅವಳ ಕರ್ಮ. ಸತ್ತ ಗಂಡ ಉಳಿಸಿಹೋದ ರಾಗಿ ಮಿಲ್ಲಿಂದ ಇಬ್ಬರ ಹೊಟ್ಟೆ ತುಂಬ್ತಿತ್ತು. ಎದುರಿಗೆ ಹನುಮೇಗೌಡ ಹೊಸ ಮಿಲ್ಲು ಇಟ್ಟ ಮೇಲೆ ಒಂದು ಗಿರಾಕಿ ತಪ್ಪಿದರೂ ಅವಳೆದೆ ಧಸಕ್ ಅಂತಿತ್ತು.

ಒಂದಿನ ಬೋರಲಿಂಗ ಇಡೀ ಮೂಟೆ ರಾಗಿಯನ್ನ ಒಂದೇ ಸಲ ಮಿಷನ್ ಬಾಯಿಗೆ ಸುರಿದ. ಮೋಟ್ರು ಗೊರಗೊರ ಅಂತ ನಿಧಾನವಾಯ್ತು. ಕರಿಯಮ್ಮ ಓಡಿಬಂದು ತಲೆಗೊಂದು ಮೊಟಕಿದಳು.

"ಮೋಟ್ರು ನಿಧಾನ ಆದ್ರೆ ಭಾರ ಕಮ್ಮಿ ಮಾಡ್ಬೇಕು ಕಣ್ಲಾ, ಪೆದ್ಮುಂಡೇದೆ."

"ಆಯ್ತು ಕಣವ್ವ."

ಮಾರನೆ ಸಂಜೆ ಮೋಟ್ರು ಮತ್ತೆ ನಿಧಾನ. ಬೋರಲಿಂಗ ಸುತ್ತ ನೋಡಿದ. ಬೆಂಚಿನ ಮೇಲೆ ಛೇರ್ಮನ್ರ ಹೆಂಡತಿ ಪುಟ್ಟಸಿದ್ದಮ್ಮ ಕೂತಿದ್ರು, ಮೈಕೈ ತುಂಬಿಕೊಂಡಿದ್ದ ಹೆಂಗಸು.

"ಅಮ್ಮಾವ್ರೇ, ಎದ್ದು ಆಚೆ ಹೋಗಿ. ನಿಮ್ಮ ಭಾರಕ್ಕೆ ಮೋಟ್ರು ಓಡ್ತಿಲ್ಲ."

ಎದ್ದರು. ರಾಗಿ ಎತ್ತಿಕೊಂಡು ಸೀದಾ ಹನುಮೇಗೌಡನ ಮಿಲ್ಲಿಗೇ ಹೋದರು.

ಕರಿಯಮ್ಮ ಹಣೆ ಚಚ್ಚಿಕೊಂಡಳು. "ಸಂಜೆ ಕರೆಂಟು ಕಮ್ಮಿ ಬರ್ತದೆ ಕಣೋ. ಮೊದಲು ಬಲ್ಬು ನೋಡು. ಅದು ಮಂಕಾದ್ರೆ ಕರೆಂಟು ಕಮ್ಮಿ ಅಂತ." ಹಂಗಂತ ತಲೆ ಎತ್ತಿದರೆ ಬಲ್ಬಿನ ತುಂಬ ಹಿಟ್ಟು. "ಥೂ, ಇದನ್ನ ಒರೆಸದೆ ಏನ್ ತಿಳೀತದೆ ನಿಂಗೆ?"

"ಆಯ್ತು ಕಣವ್ವ."

ಇನ್ನೊಂದು ಸಂಜೆ ಬಲ್ಬು ಮಂಕಾಯ್ತು, ಮೋಟ್ರು ಗುಂಯ್ ಅಂತ ನರಳತೊಡಗಿತು. ಬೋರಲಿಂಗ ಸ್ಟೂಲು ಹತ್ತಿ, ಟವಲ್ಲು ತಗೊಂಡು ಬಲ್ಬು ಒರೆಸಿದ. ಒರೆಸಿದ, ಒರೆಸಿದ, ಒರೆಸುತ್ತಲೇ ಇದ್ದ.

"ಲೋ, ಕೆಳಗೆ ಹೊಗೆ ಬರ್ತೈತೆ ಕಣ್ಲಾ," ಅಂದರು ಗಿರಾಕಿಗಳು.

"ಇರಿ, ಬಲ್ಬು ಇನ್ನೂ ಮಂಕಾಗೈತೆ."

ಮೋಟ್ರು ಸುಟ್ಟು ಕರಕಲಾಯ್ತು. ಅದಕ್ಕೆ ಹೊಸದಾಗಿ ವೈಂಡಿಂಗ್ ಮಾಡಿಸಿ ತರೋ ಹೊತ್ತಿಗೆ ಅರ್ಧ ಊರು ಎದುರು ಮಿಲ್ಲಿಗೆ ಒಗ್ಗಿಹೋಗಿತ್ತು. ಕರಿಯಮ್ಮ ಅತ್ತು ಅತ್ತು ಸಾಕಾದಳು.

"ಕೇಳೋ ಮಗನೇ. ನಾಳೆ ಹಬ್ಬ. ನಾನು ಮನೆಮನೆಗೆ ಹೋಗಿ ಕೈಮುಗಿದು ಜನರನ್ನ ಕರ್ದು ಬರ್ತೀನಿ. ಇವತ್ತು ಅವರು ಬಂದ್ರೆ ಬದುಕಿದ್ವಿ, ಇಲ್ಲಾಂದ್ರೆ ಬಾಗ್ಲು ಹಾಕೋದೇ. ನಾನು ಬರೋಗಂಟ ಮೋಟ್ರು ಸ್ಪೀಡು ಒಂಚೂರೂ ಹೆಚ್ಚುಕಮ್ಮಿ ಆಗಬಾರದು."

"ಆಯ್ತು ಕಣವ್ವ."

ಪಾಪ, ಆಯಮ್ಮ ಸುಡುಬಿಸಿಲಲ್ಲಿ ಊರೆಲ್ಲ ಸುತ್ತಿ, ಕಂಡಕಂಡವರಿಗೆ ಕೈಮುಗಿದಳು. ಜನ ಕನಿಕರಪಟ್ಟು ರಾಗಿ ಹೊತ್ತು ಹೊರಟರು. ಸಂಜೆಗೆ ವಾಪಸ್ಸು ಬಂದು ನೋಡ್ತಾಳೆ, ಆ ಜನವೆಲ್ಲ ಹನುಮೇಗೌಡನ ಬಾಗಿಲಲ್ಲಿ ಸಾಲು ನಿಂತವ್ರೆ. ಇವಳ ಮಿಲ್ಲಲ್ಲಿ ನರಪಿಳ್ಳೆ ಇಲ್ಲ. ಬೋರಲಿಂಗ ಒಬ್ಬನೇ ಮೋಟ್ರು ತಬ್ಬಿಕೊಂಡು ಕೂತವ್ನೆ.

"ಒಂಚೂರೂ ಹೆಚ್ಚುಕಮ್ಮಿ ಆಗಿಲ್ಲ ಕಣವ್ವ," ಅಂದ. "ಅವರೆಲ್ಲ ಎಷ್ಟು ಬೇಡ್ಕೊಂಡ್ರೂ ನಾನು ಸ್ವಿಚ್ಚೇ ಹಾಕ್ಲಿಲ್ಲ."