ಚಪ್ಪಟೆ ಕಲ್ಲಿನ ಕೆಳಗಿನ ಜಾಗ

ಆ ಬೆಳಿಗ್ಗೆ ಬಸವಂತ ಕಾಲು ಕೂಡ ತೊಳೆಯದೆ ಆಶ್ರಮದ ಒಳಗೆ ನುಗ್ಗಿದ. ಅಷ್ಟು ಸಿಟ್ಟು ಬಂದಿತ್ತು ಅವನಿಗೆ.

ಗುರು ಫಕೀರಯ್ಯನವರು ಗಾಜಿನ ತೊಟ್ಟಿಯ ಮುಂದೆ ಕೂತು ಮೀನುಗಳಿಗೆ ಬೇಯಿಸಿದ ಪಾಲಕ್ ಸೊಪ್ಪು ಹಾಕುತ್ತಿದ್ದರು.

“ಅಜ್ಜಾರ, ದ್ಯಾವಪ್ಪನ್ನ ಹೊರಗ ಹಾಕ್ರಿ. ಇಲ್ಲಂದ್ರ ನಾನ ಹೋಗ್ತೀನಿ.”

“ಏನ ಮಾಡಿದ?”

“ನನ್ನ ಹಾಸಿಗಿ ದನದ ಕೊಟ್ಟಿಗ್ಯಾಗ ಒಗದಾನ್ರಿ. ಪಡಸಾಲಿ ಕಿಟಕಿ ಬಾಜೂಕ ಹಳಬರು ಮಲಗತಾರಂತ. ಗಾಳಿಗೂ ಹಳಬರು, ಹೊಸಬರು ಅಂತ ಇರ್ತದೇನ್ರಿ?”

ದ್ಯಾವಪ್ಪ ಆಶ್ರಮದ ಹಿರಿಯ ಶಿಷ್ಯ. ಉಗ್ರಾಣದ ಕೀಲಿ ಅವನ ಸೊಂಟದಲ್ಲಿ. ಬಸವಂತ ಬಂದಾಗಿನಿಂದ ಅವನ ತಾಟಿಗೆ ಕಡೆಗೆ ಬಡಿಸುವುದು, ಹಂಡೆ ತಿಕ್ಕುವುದಕ್ಕೆ ಅವನನ್ನೇ ಕೂಗುವುದು, ಗುರುಗಳ ಮುಂದೆ ಅವನು ಬಾಯಿ ತೆರೆದರೆ ಕೆಮ್ಮುವುದು, ಇದೇ ದ್ಯಾವಪ್ಪನ ಸಾಧನೆಯಾಗಿತ್ತು. ಬಸವಂತ ಎಲ್ಲವನ್ನೂ ನುಂಗಿಕೊಂಡಿದ್ದ. ಹಾಸಿಗೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

ಗುರುಗಳು ಗಾಜಿನತ್ತ ಕೈ ತೋರಿಸಿದರು. “ಅಲ್ಲಿ ನೋಡು.”

ಆಶ್ರಮದಲ್ಲಿ ಮೀನು ಯಾಕೆ ಎಂದು ಕೇಳಿದವರಿಗೆಲ್ಲ ಗುರುಗಳು ಹೇಳುತ್ತಿದ್ದುದು ಒಂದೇ ಮಾತು: ನನಗೆ ಇಷ್ಟ. ಅವು ಸಿಕ್ಲಿಡ್ ಜಾತಿಯವು, ಮೂಲ ಆಫ್ರಿಕಾದ ದೊಡ್ಡ ಸರೋವರ. ಆಶ್ರಮದ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ, ಆದರೆ ಈ ಮೀನುಗಳಿಗೆ ಆ ನೀರೇ ತವರು. ತಿನ್ನುವುದು ಸೊಪ್ಪು, ಪಾಚಿ. ಸೊಪ್ಪು ತಿಂದೇ ಇಷ್ಟು ಸಿಟ್ಟು, ಇನ್ನು ಉಪ್ಪುಖಾರ ತಿಂದಿದ್ದರೆ ಏನು ಗತಿಯಿತ್ತೋ.

ಏಕೆಂದರೆ ತೊಟ್ಟಿಯಲ್ಲಿ ದಿನವೂ ಜಗಳವೇ. ನಡುವೆ ಒಂದು ಚಪ್ಪಟೆ ಕಲ್ಲು, ಅದರ ಕೆಳಗೊಂದು ಸಂದಿ. ಆ ಸಂದಿಗೆ ಒಡೆಯ ಒಂದು ದೊಡ್ಡ ಗಂಡು, ಮೈಯೆಲ್ಲ ನೀಲಿ, ಮೇಲೆ ಕಪ್ಪು ಪಟ್ಟೆ. ಹತ್ತಿರ ಸುಳಿದವರನ್ನೆಲ್ಲ ಅದು ಅಟ್ಟಿಸಿಕೊಂಡು ಹೋಗಿ ಕಚ್ಚುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತಿದ್ದುದು ಒಂದು ಬಿಳಚಿದ ಸಣ್ಣ ಗಂಡಿಗೆ. ಅದರ ಬಾಲ ಹರಿದು ಚಿಂದಿಯಾಗಿತ್ತು. ಅದು ನೀರಿನ ಮೇಲ್ತುದಿಯಲ್ಲಿ, ಗಾಳಿಕೊಳವೆಯ ಮೂಲೆಯಲ್ಲಿ ರೆಕ್ಕೆ ಮುದುರಿಕೊಂಡು ನಿಂತಿರುತ್ತಿತ್ತು.

ಮೀನುಗಳ ಚಾಕರಿ ಬಸವಂತನದೇ. ಆ ಬಿಳಚನನ್ನು ಕಂಡಾಗಲೆಲ್ಲ ಮರುಗಿ, ಒಂದೆಲೆ ಸೊಪ್ಪನ್ನು ಅದರ ಮೂಲೆಗೇ ಹಾಕುತ್ತಿದ್ದ.

“ಆ ನೀಲಿ ಒಂದನ್ನ ತಗದಬಿಟ್ರ ಎಲ್ಲಾ ಸುಮ್ಮನಾಗ್ತಾವ್ರಿ” ಎಂದ.

“ಹಂಗಾರ ತಗಿ. ಯಾವುದು ಹೊಡೀತದೋ ಅದನ್ನ ತಗದು ಹಿತ್ತಲ ಸಿಮೆಂಟ್ ತೊಟ್ಟ್ಯಾಗ ಬಿಡು. ಇಲ್ಲಿ ಜಗಳ ನಿಂತ ದಿನ ಬಾ, ದ್ಯಾವಪ್ಪನ ಮಾತು ಆಡೋಣು.”

ಹೇಳುವುದು ಸುಲಭ. ಈ ಮೀನು ಬಲೆ ಕಂಡರೆ ಕಲ್ಲಿನ ಸಂದಿಗೆ ಹೊಕ್ಕುಬಿಡುತ್ತದೆ. ಬಸವಂತ ಕಲ್ಲನ್ನೆಲ್ಲ ಹೊರಗೆ ತೆಗೆದು, ನೀರನ್ನು ಅರ್ಧಕ್ಕಿಳಿಸಿ, ಅಂಗಿಯೆಲ್ಲ ತೋಯಿಸಿಕೊಂಡು ನೀಲಿಯನ್ನು ಹಿಡಿದ. ಆಮೇಲೆ ಕಲ್ಲುಗಳನ್ನು ಮೊದಲಿನ ಹಾಗೆಯೇ, ಒಂದು ಬೆರಳೂ ಆಚೀಚೆ ಆಗದಂತೆ ಜೋಡಿಸಿದ. ಈ ಅಚ್ಚುಕಟ್ಟಿನ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಎರಡು ದಿನ ತೊಟ್ಟಿ ಶಾಂತವಾಗಿತ್ತು.

ಆಮೇಲೆ, ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಒಂದು ಕಂದು ಗಂಡಿನ ಮೈ ಮೆಲ್ಲಗೆ ನೀಲಿಯಾಯಿತು. ಅದೇ ಚಪ್ಪಟೆ ಕಲ್ಲಿನ ಕೆಳಗೆ ಹೋಗಿ ನಿಂತಿತು. ಸಂಜೆಯ ಹೊತ್ತಿಗೆ ಬಿಳಚನ ಬಾಲದಲ್ಲಿ ಇನ್ನೊಂದು ಗಾಯ.

ಬಸವಂತ ಮತ್ತೆ ಕಲ್ಲು ತೆಗೆದ, ಹಿಡಿದ, ಹಿತ್ತಲಿಗೆ ಒಯ್ದ, ಕಲ್ಲು ಜೋಡಿಸಿದ. ಮೂರನೆಯದು ನೀಲಿಯಾಯಿತು. ಅದನ್ನೂ ಹಿಡಿದ. ಮತ್ತೊಂದು. ಅವನ ಕೈ ನೀರಿನಲ್ಲಿ ನೆನೆದು ಸುಕ್ಕುಗಟ್ಟಿತು, ಬಾಯಲ್ಲಿ ಆಶ್ರಮಕ್ಕೆ ಒಪ್ಪದ ಮಾತುಗಳು ಬಂದವು.

ಅವನನ್ನು ಇನ್ನಷ್ಟು ಕೆರಳಿಸಿದ್ದು ಹಿತ್ತಲು. ಅಲ್ಲಿ ಆ ಬಯಲು ತೊಟ್ಟಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ಆ ಪುಂಡ ಮೀನುಗಳೆಲ್ಲ ಒಟ್ಟಿಗೆ, ಮದುವೆಗೆ ಬಂದ ಬೀಗರ ಹಾಗೆ, ಸಭ್ಯವಾಗಿ ಅಡ್ಡಾಡಿಕೊಂಡಿದ್ದವು.

“ಇಲ್ಲಿ ನೋಡು, ಎಷ್ಟ ಸಜ್ಜನರು” ಎಂದು ಬಸವಂತ ಅವುಗಳ ಮೇಲೆ ಹಲ್ಲು ಕಡಿದ.

ಕಡೆಗೆ ಒಳಗಿನ ತೊಟ್ಟಿಯಲ್ಲಿ ಉಳಿದದ್ದು ಹೆಣ್ಣುಗಳು ಮತ್ತು ಆ ಬಿಳಚ. ಜಗಳ ನಿಂತಿತು. ಬಿಳಚನ ಬಾಲ ಕೂಡಿಕೊಳ್ಳತೊಡಗಿತು. ಒಂದು ಹೆಣ್ಣಿನ ಗದ್ದ ಉಬ್ಬಿತು. ಈ ಜಾತಿಯ ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು, ಮರಿಯಾಗುವವರೆಗೆ ಉಪವಾಸ ಇರುತ್ತದೆ. ತನ್ನ ಕೈಯಲ್ಲಿ ಮೊದಲ ಸಲ ಮೀನು ಮರಿ ಹಾಕುತ್ತಿದೆ ಎಂದು ಬಸವಂತ ಕಂಡವರಿಗೆಲ್ಲ ಹೇಳಿಕೊಂಡು ಬಂದ.

ಗುರುಗಳ ಬಳಿಗೂ ಹೋದ. “ತಣ್ಣಗಾತ್ರಿ, ಅಜ್ಜಾರ.”

“ಪೂರಾ?”

“ಪೂರಾ.”

ಗುರುಗಳು ಅವತ್ತೇ ದ್ಯಾವಪ್ಪನನ್ನು ಹೊಳೆಯಾಚೆಯ ಆಶ್ರಮದ ತೋಟಕ್ಕೆ ಕಳಿಸಿದರು. ಉಗ್ರಾಣದ ಕೀಲಿ ಬಸವಂತನ ಸೊಂಟಕ್ಕೆ ಬಂತು. ಅವನು ಹಾಸಿಗೆಯನ್ನು ಕೊಟ್ಟಿಗೆಯಿಂದ ತಂದು, ಕೊಡವಿ, ಕಿಟಕಿಯ ಪಕ್ಕ ಹಾಸಿದ. ಅಷ್ಟು ಸುಖವಾದ ನಿದ್ದೆಯನ್ನು ಅವನು ಆಶ್ರಮಕ್ಕೆ ಬಂದ ಮೇಲೆ ಮಾಡಿರಲಿಲ್ಲ.

ಅದೇ ವಾರ ಕೊಟ್ರಯ್ಯ ಎಂಬ ಹೊಸಬ ಬಂದು ಸೇರಿದ. ಹೆಂಡತಿ ತೀರಿಕೊಂಡ ಮೇಲೆ ಮಗ್ಗ ಬಿಟ್ಟು ಬಂದ ಮನುಷ್ಯ. ಮಾತು ಕಡಿಮೆ, ನಡೆಯುವಾಗ ಮೊಣಕಾಲು ಹಿಡಿದುಕೊಳ್ಳುತ್ತಿದ್ದ. ಅವನು ಕಿಟಕಿಯ ಬಳಿ ಗಂಟು ಇಳಿಸಿದಾಗ ಬಸವಂತ ಹೇಳಿದ:

“ಅಲ್ಲಲ್ಲ, ಅತ್ತಾಗ ಬಾಗಲ ಕಡೆ ಹಾಕ್ಕೋ. ಇದು ಮೊದಲಿಂದ ಇದ್ದವರ ಜಾಗ. ಮತ್ತ ಹಂಡೆ ತಿಕ್ಕೂದು ಮರಿಬ್ಯಾಡ.”

ಕೊಟ್ರಯ್ಯ ಗಂಟು ಎತ್ತಿಕೊಂಡ. ಹೀಗೆಯೇ ದಿನ ಕಳೆದವು.

ಒಂದು ಬೆಳಿಗ್ಗೆ ಬಸವಂತ ಸೊಪ್ಪು ಹಿಡಿದು ತೊಟ್ಟಿಯ ಬಳಿ ಹೋದವನು ಹಾಗೆಯೇ ನಿಂತ.

ಬಾಯಲ್ಲಿ ಮರಿ ಹೊತ್ತ ತಾಯಿ ಗಾಳಿಕೊಳವೆಯ ಮೂಲೆಯಲ್ಲಿತ್ತು. ಮೈಯ ಹುರುಪೆ ಕಿತ್ತುಬಂದಿತ್ತು, ರೆಕ್ಕೆ ಸೀಳಿತ್ತು, ಆದರೂ ಬಾಯಿ ಬಿಗಿಯಾಗಿ ಮುಚ್ಚಿತ್ತು. ಚಪ್ಪಟೆ ಕಲ್ಲಿನ ಮುಂದೆ ನೀಲಿ ಬಣ್ಣದ, ಕಪ್ಪು ಪಟ್ಟೆಯ, ಹೊಸ ಬಾಲದ ಗಂಡೊಂದು ಸೊಕ್ಕಿನಿಂದ ತಿರುಗುತ್ತಿತ್ತು. ಅದು ಆ ಬಿಳಚನೇ.

ದ್ಯಾವಪ್ಪನ ಮೇಲೂ ಬಸವಂತನಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಇದಕ್ಕಾಗಿ ಅವನು ಅಂಗಿ ತೋಯಿಸಿಕೊಂಡಿದ್ದ, ಇದರ ಬಾಲಕ್ಕಾಗಿ ಮರುಗಿದ್ದ. ಕಲ್ಲನ್ನೆಲ್ಲ ಕಿತ್ತು ನೆಲಕ್ಕೆ ಹಾಕಿ, ಮೀನನ್ನು ಹಿಡಿದು ಬಿಂದಿಗೆಗೆ ತುಂಬಿ, ಗುರುಗಳ ಕೋಣೆಗೆ ಓಡಿದ.

“ನೋಡ್ರಿ ಈ ಹಲ್ಕಟ್ಟನ್ನ. ನಾ ಉಳಿಸಿದ್ದು ಇದನ್ನ. ಇದನ್ನ ಹೊಳಿಗೆ ಒಗದ ಬರ್ತೀನಿ.”

ಗುರುಗಳಿಗೆ ಸಿಟ್ಟು ಬರುವುದು ಅಪರೂಪ. ಅವತ್ತು ಬಂತು.

“ಹೊಳಿ ನಿನಗೇನ ಮಾಡಿತ್ತೋ? ಅಲ್ಲಿ ಇರೂ ಮೀನಾ ಇದರ ಕೈಯಾಗ ಸಾಯಬೇಕೇನು? ಇಡು ಬಿಂದಿಗಿ ಕೆಳಗ.”

ಬಸವಂತ ಇಟ್ಟ. ನೀರು ತುಳುಕಿ ಅವನ ಪಾದ ತೋಯ್ದಿತು.

“ಹಿತ್ತಲಾಗ ಇರೂ ಎಲ್ಲಾದನ್ನೂ ತಗೊಂಡು ಬಾ” ಎಂದರು ಗುರುಗಳು.

“ಎಲ್ಲಾ ಪುಂಡರನ್ನೂ?”

“ಎಲ್ಲಾರನ್ನೂ.”

“ಆ ತಾಯಿ ಸಾಯ್ತದ್ರಿ, ಅಜ್ಜಾರ.”

“ತಗೊಂಡು ಬಾ ಅಂದೆ.”

ಬಸವಂತ ಗೊಣಗುತ್ತಾ ಬಕೆಟ್ಟಿನಲ್ಲಿ ಹೊತ್ತು ತಂದ. ಬಂದು ನೋಡಿದರೆ ಗುರುಗಳು ಬಿಂದಿಗೆಯನ್ನು ಪಕ್ಕದಲ್ಲಿಟ್ಟು, ಧೋತರ ಎತ್ತಿ ಕಟ್ಟಿಕೊಂಡು, ತೊಟ್ಟಿಗೆ ಮೊಳಕೈವರೆಗೆ ಕೈ ಹಾಕಿ ನಿಂತಿದ್ದರು. ಕಲ್ಲುಗಳು ಒಂದೂ ಹಳೆಯ ಜಾಗದಲ್ಲಿರಲಿಲ್ಲ. ಎಡಗಡೆಯದು ಬಲಕ್ಕೆ ಹೋಗಿತ್ತು, ಬುಡದ್ದು ಮೇಲೆ ಬಂದಿತ್ತು. ಚಪ್ಪಟೆ ಕಲ್ಲನ್ನು ಮಾತ್ರ ಅವರು ಹೊರಗೆ ನೆಲದ ಮೇಲೆ ಇಟ್ಟಿದ್ದರು.

“ಬಿಡು” ಎಂದರು.

ಬಸವಂತ ಹಿತ್ತಲಿನವನ್ನೂ ಬಿಂದಿಗೆಯಲ್ಲಿದ್ದುದನ್ನೂ ಒಟ್ಟಿಗೆ ಬಿಟ್ಟ. ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು.

ಮೀನುಗಳು ಅತ್ತ ಹೋದವು, ಇತ್ತ ಬಂದವು. ಹಳೆಯ ಒಡೆಯ ತನ್ನ ಸಂದಿ ಹುಡುಕಿ ನಡುವಿಗೆ ಹೋದರೆ ಅಲ್ಲಿ ಬರೀ ಮರಳು. ಬಿಳಚನೂ ಅಲ್ಲಿಗೇ ಹೋಯಿತು, ಅದಕ್ಕೂ ಬರೀ ಮರಳು. ಒಂದಕ್ಕೊಂದು ಹಾದುಹೋದವು. ಯಾರನ್ನು ಎಲ್ಲಿಂದ ಓಡಿಸಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಆ ಗದ್ದಲದಲ್ಲಿ ತಾಯಿ ಮೆಲ್ಲಗೆ ಮೂಲೆ ಬಿಟ್ಟು, ಹೊಸ ಕಲ್ಲುಗಳ ನಡುವೆ ಸೇರಿಕೊಂಡಿತು.

ಬಸವಂತ ನೋಡುತ್ತಲೇ ಇದ್ದ. ಅವನ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

“ಇದನ್ನ ಮೊದಲ ಹೇಳಬೇಕಿತ್ತಲ್ರಿ. ಸುಮ್ಮನ ಇಷ್ಟ ದಿನ ನನ್ನ ಕಡೆ ಮೀನಾ ಹಿಡಿಸಿದ್ರಿ.”

ಗುರುಗಳು ಕೈ ಒರೆಸಿಕೊಳ್ಳುತ್ತಾ ಹೇಳಿದರು:

“ದೋಣ್ಯಾಗ ಹೋಗಿ ದ್ಯಾವಪ್ಪನ್ನ ಕರಕೊಂಡು ಬಾ.”

ಇಳಿಯುತ್ತಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು. “ಯಾಕ್ರಿ? ಬಂದು ಮತ್ತ ನನ್ನ ಹಾಸಿಗಿ ಕೊಟ್ಟಿಗಿಗೆ ಒಗೀಲಿ ಅಂತೇನ್ರಿ? ನಾ ಯಾರಿಗೆ ಏನ ಮಾಡೀನಿ?”

“ನಿನ್ನೆ ಕೊಟ್ರಯ್ಯ ನನ್ನ ಹತ್ರ ಬಂದಿದ್ದ.”

“ಏನಂತ್ರಿ ಅವಂದು?”

“ಬಸವಂತನ್ನ ಹೊರಗ ಹಾಕ್ರಿ, ಇಲ್ಲಂದ್ರ ನಾನ ಹೋಗ್ತೀನಿ ಅಂದ.”

ಬಸವಂತನ ಕೈ ತಾನಾಗಿಯೇ ಸೊಂಟದ ಕೀಲಿಯನ್ನು ಹಿಡಿದುಕೊಂಡಿತು. ಹಿತ್ತಲಿನಿಂದ ಯಾರೋ ಹಂಡೆ ತಿಕ್ಕುವ ಸದ್ದು ಕೇಳಿಸುತ್ತಿತ್ತು.

ಬಸವಂತ ಕೇಳಿದ. “ಅವಗ ನೀವು ಏನಂದ್ರಿ?”

ಗುರುಗಳು ಬಗ್ಗಿ, ನೆಲದ ಮೇಲಿದ್ದ ಚಪ್ಪಟೆ ಕಲ್ಲನ್ನು ಎತ್ತಿ ಅವನ ಕೈಯಲ್ಲಿಟ್ಟರು.

“ಒಂದ ದಿನ ತಡಿ, ಪಡಸಾಲ್ಯಾಗಿನ ಕಲ್ಲು ಸರಸ್ತೀನಿ ಅಂದೆ.”