ನಾಲ್ಕು ಎಣಿಕೆಯ ಮೌನ

"ಗುರುಗಳೇ, ನಿಜ ನನ್ನ ಕಡೆಗೇ ಇತ್ತು. ಎಲ್ಲರ ಎದುರಿಗೆ ಅದನ್ನು ತೋರಿಸಿಯೂ ಕೊಟ್ಟೆ. ಆದರೂ ನಾನೇ ಅವನ ಹತ್ತಿರ ಹೋಗಬೇಕು ಎನ್ನುತ್ತೀರಿ. ಗೆದ್ದವನು ಯಾತಕ್ಕೆ ತಲೆ ತಗ್ಗಿಸಬೇಕು?"

ಹೀಗೆ ಕೇಳಿದ ಶಿಷ್ಯನ ಹೆಸರು ಮರುಳಸಿದ್ಧ. ಹಿಂದಿನ ದಿನ ಜೊತೆಯ ಶಿಷ್ಯನೊಬ್ಬ ಪಾಠದಲ್ಲಿ ಒಪ್ಪಿಸಿದ ವ್ಯಾಖ್ಯಾನ ಅವನ ಸ್ವಂತದ್ದಲ್ಲ, ತನ್ನ ಪುಸ್ತಕದಿಂದ ಎತ್ತಿದ್ದು ಎಂದು ಇವನು ಸಾಲುಸಾಲಾಗಿ ತೋರಿಸಿದ್ದ. ಆ ಜೊತೆಯವನು ಅಂದಿನಿಂದ ಊಟದ ಪಂಕ್ತಿಗೆ ಬಂದಿರಲಿಲ್ಲ.

ಗುರುಗಳು ಅವನನ್ನೊಮ್ಮೆ ನೋಡಿದರು.

"ಕಾರಣ ಹೇಳಿದರೆ ನೀನು ಅದಕ್ಕೂ ವಾದ ಹೂಡುತ್ತೀ. ಕತೆ ಹೇಳುತ್ತೇನೆ, ಕೂತುಕೋ" ಎಂದು ಶುರುಮಾಡಿದರು.

ಹೊಸಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬನಿದ್ದ. ಪಂಪಾಪತಿ ಎಂದು ಹೆಸರು. ರಿಪೇರಿಗೆ ರೇಡಿಯೋ ತರುವವರೇ ಇಲ್ಲದಂತಾದ ಮೇಲೆ ಅವನು ಹಳೆಯ ಕ್ಯಾಸೆಟ್ಟುಗಳನ್ನು ಕೂಡಿಡತೊಡಗಿದ. ಅಂಗಡಿಯಲ್ಲಿ ಮಾರಾಟಕ್ಕೆ ಬರುತ್ತಿದ್ದ ಕ್ಯಾಸೆಟ್ಟುಗಳು ಅವನಿಗೆ ಬೇಕಿರಲಿಲ್ಲ. ಜನ ತಮ್ಮ ಮನೆಯಲ್ಲಿ, ನಾಟಕದ ತಾಲೀಮಿನಲ್ಲಿ, ಭಜನೆಯಲ್ಲಿ ತಾವೇ ಟೇಪ್ ಮಾಡಿ ಮರೆತವುಗಳನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದ. ಬೂಷ್ಟು ಹಿಡಿದದ್ದನ್ನು ಒರೆಸಿ, ಹರಿದದ್ದನ್ನು ಅಂಟಿಸಿ, ಕೇಳುವಂತೆ ಮಾಡುತ್ತಿದ್ದ. ಒಳ್ಳೆಯ ಕೆಲಸವೇ. ಅವನು ಒಳ್ಳೆಯವನೇ ಆಗಿದ್ದ, ಅದನ್ನೂ ಹೇಳಿಬಿಡುತ್ತೇನೆ.

ಅವನಂಥವರು ನಾಡಿನಲ್ಲಿ ಇನ್ನೂ ನಾಲ್ಕುನೂರು ಮಂದಿ ಇದ್ದರು. ಎಲ್ಲರೂ ಸೇರಿ ಮೊಬೈಲಿನಲ್ಲಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಬೆಳಿಗ್ಗೆ ಎದ್ದರೆ ಹೂವಿನ ಚಿತ್ರ ಕಳಿಸಿ ನಮಸ್ಕಾರ ಹೇಳುವುದು, ಮಧ್ಯಾಹ್ನದ ಹೊತ್ತಿಗೆ ಕಚ್ಚಾಡುವುದು. ಜಗಳವೆಲ್ಲ ಒಂದೇ: ಅಸಲಿ ಟೇಪು ಯಾರ ಹತ್ತಿರ ಇದೆ, ಕಾಪಿ ಯಾರದು, ಕಾಪಿಯ ಕಾಪಿ ಯಾರದು. ಒಬ್ಬ ನಂಬಿ ಒಂದು ಕಾಪಿ ಕೊಟ್ಟರೆ ವಾರದೊಳಗೆ ಅದು ಇನ್ನೊಬ್ಬನ ಹೆಸರು ಹೊತ್ತು ತಿರುಗಾಡುತ್ತಿತ್ತು. ಅದಕ್ಕಾಗಿ ಅವರಲ್ಲಿ ಒಂದು ರೂಢಿ ಬಂತು. ಕಾಪಿ ಕೊಡುವಾಗ ಒಳಗೆಲ್ಲಾದರೂ ಗುರುತು ಹಾಕುವುದು. ಕೆಲವರು ಗಂಟೆ ಬಾರಿಸುತ್ತಿದ್ದರು. ಕೆಲವರು ಹಾಡಿನ ನಡುವೆ ತಮ್ಮ ಹೆಸರನ್ನೇ ಹೇಳುತ್ತಿದ್ದರು. ಒಬ್ಬ ಮಹಾಶಯ ಕೆಮ್ಮುತ್ತಿದ್ದ.

ಪಂಪಾಪತಿಗೆ ಇದೆಲ್ಲ ಅಸಹ್ಯ. ಹಾಡಿದವರ ಮೇಲೆ ಕೆಮ್ಮುವುದೆಂದರೇನು? ಅವನು ತನ್ನದೇ ಒಂದು ಉಪಾಯ ಕಂಡುಕೊಂಡ. ಹಾಡನ್ನು ಮುಟ್ಟುತ್ತಿರಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ, ಜನ ಕೂತಲ್ಲೇ ಸರಿದಾಡುವ, ಹಾರ್ಮೋನಿಯಂ ದೂಡುವ ಸದ್ದು ಇರುವಲ್ಲಿ, ನಾಲ್ಕು ಎಣಿಸುವಷ್ಟು ಹೊತ್ತು ಅಳಿಸುತ್ತಿದ್ದ. ಅಲ್ಲಿ ಮೌನ. ಕೇಳುವವರಿಗೆ ಏನೂ ತಿಳಿಯುವುದಿಲ್ಲ, ಅವನಿಗೆ ಮಾತ್ರ ತಿಳಿಯುತ್ತದೆ. ಹಾಡಿದವರ ಒಂದು ಉಸಿರನ್ನೂ ತಾನು ಕೆಡಿಸಲಿಲ್ಲ ಎಂದು ಅವನಿಗೆ ಬಹಳ ಹೆಮ್ಮೆ.

ಅವನ ಸಂಗ್ರಹದಲ್ಲೆಲ್ಲ ದೊಡ್ಡದು ಹುಲಿಗೆಮ್ಮನ ಟೇಪು. ಹುಲಿಗೆಮ್ಮ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವಳು. ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಳು. ಕೊಪ್ಪಳದ ಹಾರ್ಮೋನಿಯಂ ಮಾಸ್ತರೊಬ್ಬರ ಮನೆಯಲ್ಲಿ ಒಂದು ದಿನ ಆಕೆ ಹಾಡಿದ ಆರು ಹಾಡುಗಳನ್ನು ಬಿಟ್ಟರೆ ಆಕೆಯ ದನಿ ಬೇರೆಲ್ಲೂ ಉಳಿದಿರಲಿಲ್ಲ. ಮಾಸ್ತರು ಆ ಕ್ಯಾಸೆಟ್ಟನ್ನು ಪಂಪಾಪತಿಗೇ ಕೊಟ್ಟರು. ಹಾವೇರಿಯ ದೇವೇಂದ್ರಪ್ಪ ಎಂಬ ನಿವೃತ್ತ ಸರ್ವೇಯರ್ ಕೂಡ ಅದಕ್ಕಾಗಿ ಮಾಸ್ತರ ಮನೆಗೆ ಮೂರು ಸಲ ಅಲೆದಿದ್ದ. ಅವನಿಗೆ ಸಿಗಲಿಲ್ಲ. ಅಂದಿನಿಂದ ಇವರಿಬ್ಬರೂ ಹಾವು ಮುಂಗುಸಿಯಾದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ ಎಂಬುದನ್ನೂ ಹೇಳಬೇಕು. ದ್ವೇಷಕ್ಕೆ ಮುಖ ಬೇಕಾಗುವುದಿಲ್ಲವಲ್ಲ.

ಪಂಪಾಪತಿ ಆಪ್ತರಿಗೆ ಆ ಹಾಡುಗಳ ಕಾಪಿ ಕೊಡುತ್ತಿದ್ದ. ಪ್ರತಿ ಕಾಪಿಯಲ್ಲೂ ಮೂರನೆಯ ಮತ್ತು ನಾಲ್ಕನೆಯ ಹಾಡಿನ ನಡುವೆ ನಾಲ್ಕು ಎಣಿಕೆಯ ಮೌನ. ಒಂದು ದಿನ ಗಡಿಬಿಡಿಯಲ್ಲಿ ಗುರುತು ಹಾಕುವುದನ್ನೇ ಮರೆತು ಒಂದು ಕಾಪಿಯನ್ನು ಕೊರಿಯರ್‌ಗೆ ಕಟ್ಟಿಬಿಟ್ಟಿದ್ದ. ಕೊನೆ ಗಳಿಗೆಯಲ್ಲಿ ನೆನಪಾಗಿ ಬಿಚ್ಚಿ, ಅದರಲ್ಲೂ ಅಳಿಸಿದ. ಅದು ದೇವೇಂದ್ರಪ್ಪನ ಕೈಗೆ ಸಿಕ್ಕಿದ್ದರೆ ಎಂದು ನೆನೆದು ಹೆದರಿದ. ಆಗ ಅವನಿಗೆ ಹೊಳೆಯಿತು: ಪ್ರತಿ ಸಲ ಕಾಪಿಯಲ್ಲಿ ಅಳಿಸುವ ತಾಪತ್ರಯವೇಕೆ, ಅಸಲಿಯಲ್ಲೇ ಅಳಿಸಿಬಿಟ್ಟರೆ ಮುಗಿಯಿತಲ್ಲ.

ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ಪ್ಲಾಸ್ಟಿಕ್ ಚಕ್ಕೆಗಳಿರುತ್ತವೆ. ಅವನ್ನು ಮುರಿದಿಟ್ಟರೆ ಅದರ ಮೇಲೆ ಮತ್ತೇನೂ ಟೇಪ್ ಮಾಡಲು ಬರುವುದಿಲ್ಲ. ಮಾಸ್ತರು ಜೋಪಾನವಾಗಿ ಎರಡನ್ನೂ ಮುರಿದಿಟ್ಟಿದ್ದರು. ಪಂಪಾಪತಿ ಆ ತೂತಿನ ಮೇಲೆ ಅಂಟುಪಟ್ಟಿ ಹಚ್ಚಿದ. ಜಾಗ ಹುಡುಕಲು ಒಮ್ಮೆ ಓಡಿಸಿ ನೋಡಿದ. ಟೇಪಿನೊಳಗೆ ಮಗುವೊಂದು ಅಳುತ್ತಿತ್ತು. ಹೆಂಗಸಿನ ದನಿ ಏನೋ ಹೇಳುತ್ತಿತ್ತು. ಹಾಡು ಇನ್ನೂ ಶುರುವಾಗಿರಲಿಲ್ಲ. ಕೆಂಪು ಗುಂಡಿ ಒತ್ತಿದ, ನಾಲ್ಕು ಎಣಿಸಿದ, ಕೈ ಬಿಟ್ಟ. ಇನ್ನು ಲೋಕದಲ್ಲಿ ಎಲ್ಲಿ ಹುಲಿಗೆಮ್ಮ ಹಾಡಿದರೂ ಅಲ್ಲಿ ತನ್ನ ಗುರುತು ಇರುತ್ತದೆ ಎಂದು ಅವನ ಹೊಟ್ಟೆ ತಣ್ಣಗಾಯಿತು.

ವರ್ಷ ಕಳೆಯುವುದರೊಳಗೆ ಅವನು ಕಾದಿದ್ದ ದಿನ ಬಂತು. ದೇವೇಂದ್ರಪ್ಪ ಆರೂ ಹಾಡುಗಳನ್ನು ಗುಂಪಿಗೆ ಹಾಕಿದ. 'ಮಾಸ್ತರ ಕುಟುಂಬದಿಂದ ನೇರವಾಗಿ ಪಡೆದದ್ದು' ಎಂದು ಕೆಳಗೆ ಬರೆದ. ಪಂಪಾಪತಿ ಅವಸರ ಮಾಡಲಿಲ್ಲ. ನಾಲ್ಕು ಜನ ಹೊಗಳುವವರೆಗೆ ಬಿಟ್ಟ. ಆಮೇಲೆ ಬರೆದ: 'ಮೂರನೆಯ ಹಾಡು ಮುಗಿದ ಮೇಲೆ ನಾಲ್ಕು ಎಣಿಸಿ. ಅಲ್ಲಿರುವ ಮೌನ ನಾನು ಇಟ್ಟದ್ದು. ನನ್ನ ಕಾಪಿ ಪಡೆದವರೆಲ್ಲ ತಮ್ಮ ತಮ್ಮದನ್ನು ತೆಗೆದು ನೋಡಬಹುದು. ಮಾಸ್ತರ ಮನೆಯಿಂದ ನೇರ ಬಂದ ಟೇಪಿನೊಳಗೆ ನನ್ನ ಮೌನ ಹೇಗೆ ಹೊಕ್ಕಿತು, ಸರ್ವೇಯರ್ ಸಾಹೇಬರು ಅಳೆದು ಹೇಳಬೇಕು.'

ಜನ ತೆಗೆದು ನೋಡಿದರು. ಮುಂದಿನದನ್ನು ಹೇಳಬೇಕಾಗಿಲ್ಲ. ನಾಲ್ಕುನೂರು ಮಂದಿ ಸರದಿಯಲ್ಲಿ ನಿಂತು ದೇವೇಂದ್ರಪ್ಪನಿಗೆ ಮಂಗಳಾರತಿ ಎತ್ತಿದರು. ಅವನು ಸುಳ್ಳು ಎಂದ, ಕಾಕತಾಳೀಯ ಎಂದ, ಆಮೇಲೆ ಏನೂ ಅನ್ನಲಿಲ್ಲ. ಸಂಜೆಗೆ ಅವನನ್ನು ಗುಂಪಿನಿಂದ ತೆಗೆದುಹಾಕಿ, ಪಂಪಾಪತಿಯನ್ನು ಅಡ್ಮಿನ್ ಮಾಡಿದರು. ಪಂಪಾಪತಿ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಹೋದ. ಏನು ವಿಶೇಷ ಎಂದು ಹೆಂಡತಿ ಕೇಳಿದರೆ, ನಿನಗೆ ತಿಳಿಯುವುದಿಲ್ಲ ಎಂದ.

ಇದಾಗಿ ತಿಂಗಳಾಗಿರಬೇಕು, ಸುಮಾರು ಐವತ್ತರ ಹೆಂಗಸೊಬ್ಬಳು ಅವನ ಅಂಗಡಿಗೆ ಬಂದಳು. ಗಂಗಾವತಿಯಲ್ಲಿ ಅಂಗನವಾಡಿ ನಡೆಸುವವಳು, ಹೆಸರು ಚಂದ್ರವ್ವ. ಹುಲಿಗೆಮ್ಮನ ಮಗಳು. ನಾಲ್ಕು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡಿದ್ದಳು.

"ಹಾಡು ಮೊಬೈಲಿನ್ಯಾಗ ಬಂದಾವ್ರಿ ಅಣ್ಣಾರ, ಕೇಳೀನಿ" ಎಂದಳು. "ಅವು ಮಂದಿಗಂತ ಹಾಡಿದ್ದು. ಮಾಸ್ತರು ಹೇಳ್ಯಾರ, ಅವತ್ತ ಮೂರನೇ ಹಾಡು ಮುಗಿದಮ್ಯಾಲ ನಾ ಅಳಾಕ ಹತ್ತಿದ್ನಂತ, ಅವ್ವ ಮುಂದಿಂದು ಹಾಡೋದು ಬಿಟ್ಟು ನನ್ನ ಹೆಸರು ಹಿಡಿದು ಏನೋ ಅಂದಳಂತ. ಮೊಬೈಲಿಗೆ ಬಂದದ್ದರಾಗ ಅದಿಲ್ರಿ. ಅದು ಕದ್ದ ಕಾಪಿ, ಅಸಲಿ ಹೊಸಪೇಟಿಯಾಗ ನಿಮ್ಮ ಕಡೆ ಐತಿ ಅಂತ ಮಂದಿ ಹೇಳಿದರು. ಅದೊಂದು ಮಾತು ಕೇಳಸ್ರಿ ಸಾಕು. ಅವ್ವ ನನ್ನ ಹೆಂಗ ಕರೀತಿದ್ಲು ಅನ್ನೋದು ನನಗ ಗೊತ್ತಿಲ್ಲ."

ಆ ಕ್ಯಾಸೆಟ್ಟು ಪಂಪಾಪತಿಯ ಬೆನ್ನ ಹಿಂದಿನ ಹಲಗೆಯ ಮೇಲೆ, ಕೈಗೆಟುಕುವಷ್ಟು ದೂರದಲ್ಲಿತ್ತು.

"ಟೇಪು ಒಳಗೆಲ್ಲೋ ಐತಿ, ಹುಡುಕಬೇಕು. ಎಂಟು ದಿನ ಬಿಟ್ಟು ಬಾ ತಂಗಿ" ಎಂದ.

ಆ ಎಂಟು ದಿನ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಮೊದಲು ಕೊಪ್ಪಳಕ್ಕೆ ಓಡಿದ. ಮಾಸ್ತರಿಗೆ ತೊಂಬತ್ತಾಗಿತ್ತು. ಮಗು ಅತ್ತದ್ದು ನೆನಪಿತ್ತು, ತಾಯಿ ಏನೆಂದಳೋ ನೆನಪಿರಲಿಲ್ಲ. ಆಮೇಲೆ ತಾನು ಕಾಪಿ ಕೊಟ್ಟವರಿಗೆಲ್ಲ ಒಬ್ಬೊಬ್ಬರಿಗೆ ಫೋನು ಮಾಡಿದ, ಗುರುತು ಹಾಕದ ಒಂದಾದರೂ ಕಾಪಿ ತಪ್ಪಿ ಹೋಗಿದೆಯೇನೋ ಎಂದು. ಯಾವುದೂ ಹೋಗಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಅವನು ಕೆಲಸ ಮಾಡಿದ್ದ. ಹಾಡುಗಳನ್ನು ಅವನು ಸಾವಿರ ಸಲ ಕೇಳಿದ್ದ, ಆಕೆ ಎಲ್ಲಿ ಉಸಿರು ಹಿಡಿದಳು, ಎಲ್ಲಿ ದನಿ ನಡುಗಿಸಿದಳು ಎಂದು ಕೇಳಿದರೆ ಹಾಡಿ ತೋರಿಸುತ್ತಿದ್ದ. ಆದರೆ ಆ ಮಗುವಿಗೆ ಆಕೆ ಏನೆಂದಳು ಎಂಬುದರ ಒಂದಕ್ಷರವೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಅದನ್ನು ಅವನು ಗದ್ದಲವೆಂದು ಕೇಳಿದ್ದ.

ಏಳನೆಯ ದಿನ ಉಳಿದದ್ದು ಒಂದೇ ಬಾಗಿಲು. ದೇವೇಂದ್ರಪ್ಪ 'ಮಾಸ್ತರ ಕುಟುಂಬದಿಂದ' ಎಂದು ಬರೆದಿದ್ದನಲ್ಲ. ಅದರಲ್ಲಿ ಎಳ್ಳಷ್ಟಾದರೂ ನಿಜವಿದ್ದರೆ? ಮಾಸ್ತರ ಮನೆಯ ಯಾರೋ ಹಿಂದೆಯೇ ಒಂದು ಕಾಪಿ ಮಾಡಿಟ್ಟು ಅವನಿಗೆ ಕೊಟ್ಟಿದ್ದರೆ? ಗುಂಪಿಗೆ ಬೇರೆ ಯಾವುದನ್ನೋ ಹಾಕಿ ಅದನ್ನು ಮನೆಯಲ್ಲಿ ಇಟ್ಟುಕೊಂಡಿದ್ದರೆ? ತಾನು ಸೋತಿರಲಿ, ಅವನು ಗೆದ್ದಿರಲಿ, ನಾಲ್ಕುನೂರು ಮಂದಿಯ ಮುಂದೆ ಕ್ಷಮೆ ಕೇಳುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತು ಪಂಪಾಪತಿ ಫೋನು ಹಚ್ಚಿದ. ಹೆಸರು ಕೇಳುತ್ತಲೇ ಆ ಕಡೆಯವನು, "ಇನ್ನೇನು ಉಳದೈತ್ರಿ ನಂದು, ಈಗ ಫೋನ್ ಮಾಡೀರಿ?" ಎಂದ.

"ಜಗಳಕ್ಕ ಮಾಡಿಲ್ರಿ" ಎಂದ ಪಂಪಾಪತಿ. "ನಿಮ್ಮ ಟೇಪು ಮಾಸ್ತರ ಮನಿಯಿಂದ ಬಂದದ್ದು ಅಂದಿದ್ರಿ. ಅದು ಖರೆ ಅನ್ರಿ. ನಾ ಹೇಳಿದ್ದು ಸುಳ್ಳಾಗಿರ್ಲಿ. ಕೈ ಮುಗೀತೀನಿ, ಖರೆ ಅಂತ ಒಂದು ಮಾತು ಅನ್ರಿ."

ಇದೂ ಒಂದು ಚುಚ್ಚುಮಾತು ಎಂದು ದೇವೇಂದ್ರಪ್ಪನಿಗೆ ಅನಿಸಿರಬೇಕು. ಆದರೂ ಅವನು ಸಿಟ್ಟು ಮಾಡಲಿಲ್ಲ.

"ಇಲ್ರಿ ಪಂಪಾಪತಿಯವರ" ಎಂದ. "ನಿಮ್ಮದನ್ನ ತಗೊಂಡಿದ್ದೆ. ಮಂದಿ ಮುಂದ ಒಪ್ಪಲಿಲ್ಲ, ಈಗ ಒಪ್ಪತೀನಿ. ನೀವು ಹೇಳಿದ್ದು ಅಕ್ಷರಕ್ಷರ ಖರೆ. ನೀವ ಗೆದ್ರಿ."

ಎಷ್ಟೋ ವರ್ಷದಿಂದ ಈ ಮಾತು ಕೇಳಲು ಪಂಪಾಪತಿಯ ಕಿವಿ ಹಸಿದಿತ್ತು. ಈಗ ಅದು ಬಂದಾಗ ಅವನು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟ. ಆ ಕಡೆಯವನು ಹಲೋ ಹಲೋ ಎಂದು ಕೇಳಿ ಫೋನು ಇಟ್ಟ.

ಮರುದಿನ ಚಂದ್ರವ್ವ ಬಂದಳು. ಪಂಪಾಪತಿ ಅಸಲಿ ಕ್ಯಾಸೆಟ್ಟು ಹಾಕಿದ. ಮೂರನೆಯ ಹಾಡು ಮುಗಿಯುತ್ತಿದ್ದಂತೆ ಆಕೆ ಸೆರಗು ಸರಿಪಡಿಸಿಕೊಂಡು, ಸ್ಪೀಕರಿಗೆ ಕಿವಿ ಹಚ್ಚಿ ಕೂತಳು. ಯಾರೋ ಕೆಮ್ಮಿದ ಸದ್ದು, ಮಗುವಿನ ಅಳು ಶುರುವಾದದ್ದು, ಆಮೇಲೆ ಏನೂ ಇಲ್ಲ. ಆಮೇಲೆ ನಾಲ್ಕನೆಯ ಹಾಡು. ಆಕೆ ಇನ್ನೊಮ್ಮೆ ಹಾಕಿರಿ ಎಂದಳು. ಅವನು ಹಾಕಿದ. ಮತ್ತೊಮ್ಮೆ ಎಂದಳು. ಹಾಕಿದ. ತಾನು ಅಂದು ಒತ್ತಿದ ಕೆಂಪು ಗುಂಡಿಯ ಪಕ್ಕದ ಗುಂಡಿಯನ್ನೇ ಈಗ ಮೂರು ಸಲ ಒತ್ತಿದ.

ನಿಜ ಹೇಳಬೇಕೆಂದು ಅವನು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದ. ಆಕೆ ತಲೆ ಎತ್ತಿ ಅವನ ಮುಖ ನೋಡಿದಳು. ಅಷ್ಟೂ ಮಾತು ಎಲ್ಲಿ ಹೋಯಿತೋ.

"ಹಳೇ ಟೇಪು ತಂಗಿ" ಎಂದ. "ಅಲ್ಲೊಂದೀಟು ಸವದೈತಿ."

ಆಕೆ ಕಣ್ಣೊರೆಸಿಕೊಂಡು, ಮಗುವಿನ ಅಳು ಇರುವಷ್ಟನ್ನು ಇನ್ನೊಂದು ಸಲ ಕೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ಪಂಪಾಪತಿ ಅಂದೇ ಗುಂಪು ಬಿಟ್ಟ. ಯಾಕೆ ಬಿಟ್ಟಿರಿ ಎಂದು ನಾಲ್ಕುನೂರು ಮಂದಿ ಕೇಳಿದರು. ಆಮೇಲೆ ಅವರಿಗೆ ಬೇರೆ ಜಗಳ ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ, "ಮುಂದೆಂದಾದರೂ ಅವನು ಆಕೆಗೆ ನಿಜ ಹೇಳಿದನೇ?" ಎಂದು ಕೇಳಿದ.

ಗುರುಗಳು ಹೇಳಿದರು: "ತಾಯಿಯ ತಿಥಿ ಬಂದಾಗಲೆಲ್ಲ ಆಕೆ ಅವನಿಗೆ ಫೋನು ಮಾಡಿ, ನಿಮ್ಮಿಂದ ನಮ್ಮವ್ವನ ದನಿ ಉಳೀತ್ರಿ ಅಣ್ಣಾರ, ಅನ್ನುತ್ತಾಳೆ."